ಬಸ್ ಕ್ಯಾನ್ಸಲ್ ಆದರೂ ನಾವು ಮೈಕ್‌ನಲ್ಲಿ ಹೇಳುತ್ತಿದ್ದೆವು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನನ್ನ ಅಮ್ಮನಿಗೆ 85 ವರ್ಷ. ಸುಮಾರು ಒಂದು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಅವಳದು ಒಂದೇ ಪ್ರಶ್ನೆ. ‘ಆ ಕೇಸು ಏನಾಯ್ತೋ?’ ಹೊರಗಿನವರು ಕೇಳಿಸಿಕೊಂಡರೆ ನಮ್ಮ ಜಮೀನಿನ ವ್ಯಾಜ್ಯ ಏನೋ ಕೋರ್ಟಿನಲ್ಲಿದೆ ಅಂದುಕೊಳ್ಳಬೇಕು. ಅಂಥದ್ದೇನೂ ಇಲ್ಲ. ಅವಳು ಕೇಳುತ್ತಿರುವುದು ಟಿವಿ ಧಾರಾವಾಹಿಯ ಕೇಸು. ನಾಲ್ಕು ವರ್ಷ ನಡೆದ ಧಾರಾವಾಹಿ ಒಂದು ಶುಕ್ರವಾರ ರಾತ್ರಿ ದಿಢೀರನೆ ಮುಗಿದುಹೋಯಿತು. ಕೇಸು ಮಾತ್ರ ಮುಗಿಯಲಿಲ್ಲ.

ಚಾನೆಲ್ ಹೆಸರು, ಧಾರಾವಾಹಿ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಂದು ಚಾನೆಲ್ ಜೊತೆಗಿನ ಜಗಳ ಆಗಿಬಿಡುತ್ತದೆ. ನಿಮ್ಮ ಓದುಗರ ಮನೆಯಲ್ಲೂ ಒಂದಲ್ಲ ಒಂದು ಚಾನೆಲ್ ಇದನ್ನೇ ಮಾಡಿರುತ್ತದೆ, ಅವರೇ ತಮ್ಮದೊಂದು ಹೆಸರು ಹಾಕಿಕೊಂಡು ಓದಲಿ.

ನಾನು ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಇದ್ದು 2018ರಲ್ಲಿ ನಿವೃತ್ತನಾದವನು. ಮೊದಲು ಕಂಡಕ್ಟರ್, ಆಮೇಲೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಕಿಟಕಿಯ ಹಿಂದೆ ಕೂತು ಬಂದ ಬಸ್ಸಿಗೆ ಎಂಟ್ರಿ ಹಾಕಬೇಕು, ಮೈಕ್‌ನಲ್ಲಿ ಕೂಗಬೇಕು, ಜನರಿಂದ ಬೈಸಿಕೊಳ್ಳಬೇಕು. ಮೂರನೆಯ ಕೆಲಸವೇ ಜಾಸ್ತಿ. ಹಾಗಾಗಿ ಟೈಮಿಂಗ್ಸ್ ಅಂದರೆ ನನಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ತಲೆಕೆಡುತ್ತದೆ. ‘ರಿಟೈರ್ ಆದ್ಮೇಲೆ ಟಿವಿಗೂ ಎಂಟ್ರಿ ಹಾಕ್ತಾ ಕೂತಿದ್ದೀರಲ್ರೀ’ ಅಂತ ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಹೌದು, ಹಾಕಿದ್ದೇನೆ. ಡೈರಿ ಇದೆ.

ನಮ್ಮ ಮನೆಯ ಸಂಜೆ ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಅಷ್ಟಕ್ಕಷ್ಟೆ. ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಗೋಡೆಯ ಗಡಿಯಾರ ಅವಳಿಗೆ ಕಾಣುವುದಿಲ್ಲ. ಏಳೂವರೆಗೆ ಆ ಧಾರಾವಾಹಿಯ ಹಾಡು ಶುರುವಾದ ಕೂಡಲೇ ಸೆರಗು ಸರಿಸಿ ತೋಳು ಮುಂದೆ ಮಾಡುತ್ತಿದ್ದಳು. ನನ್ನ ಹೆಂಡತಿ ಇನ್ಸುಲಿನ್ ಕೊಡುತ್ತಿದ್ದಳು. ಕೊಟ್ಟ ಅರ್ಧ ಗಂಟೆಗೆ ಊಟ ಆಗಬೇಕು ಅಂತ ಡಾಕ್ಟರು ಹೇಳಿದ್ದರು. ಎಂಟಕ್ಕೆ ಧಾರಾವಾಹಿ ಮುಗಿಯುವುದೂ ಬಿಸಿ ಮುದ್ದೆ ತಟ್ಟೆಗೆ ಬೀಳುವುದೂ ಸರಿಯಾಗುತ್ತಿತ್ತು. ಪಕ್ಕದ ಮನೆಯ ಅಜ್ಜಿ ಎಲೆ ಅಡಿಕೆ ಚೀಲ ಹಿಡಿದು ಏಳೂಕಾಲಿಗೇ ಬಂದು ಗೋಡೆಗೆ ಒರಗಿ ಕೂತಿರುತ್ತಿದ್ದರು. ಇಬ್ಬರೂ ಸೇರಿ ಆ ಅತ್ತಿಗೆ ಪಾತ್ರಕ್ಕೆ ಹಾಕುತ್ತಿದ್ದ ಬೈಗುಳ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಮೊದಲ ಪೆಟ್ಟು ಬಿದ್ದದ್ದು ಮಹಾಸಂಚಿಕೆಯಿಂದ. ಅರ್ಧ ಗಂಟೆಯದು ಆ ವಾರ ಒಂದು ಗಂಟೆ ಆಯಿತು. ಅಮ್ಮ ಇಂಜೆಕ್ಷನ್ ತೆಗೆದುಕೊಂಡಳು, ಎಂಟಾಯಿತು, ಏಳಲಿಲ್ಲ. ‘ತಡಿ, ಈಗ ಲಾಯರಮ್ಮ ಬರ್ತಾಳೆ’ ಅಂದಳು. ಎಂಟೂಕಾಲು ಆಯಿತು. ಅವಳ ಹಣೆ ಬೆವೆತು ಕೈ ನಡುಗುವುದನ್ನು ಮೊದಲು ನೋಡಿದ್ದು ಪಕ್ಕದ ಮನೆಯ ಅಜ್ಜಿ. ಸಕ್ಕರೆ ನೀರು ಕುಡಿಸಿದೆವು, ಬಾಳೆಹಣ್ಣು ತಿನ್ನಿಸಿದೆವು, ಸರಿಹೋದಳು. ಇದು ಚಾನೆಲ್ ತಪ್ಪು ಅಂತ ನಾನು ಹೇಳುತ್ತಿಲ್ಲ. ತಪ್ಪು ನಮ್ಮದೇ, ತಟ್ಟೆಯನ್ನು ಅವಳಿದ್ದಲ್ಲಿಗೇ ತರಬೇಕಿತ್ತು. ಆದರೆ ಆ ಏಳೂವರೆಗೆ ನಮ್ಮ ಮನೆಯ ಏನೇನನ್ನೆಲ್ಲ ಕಟ್ಟಿಹಾಕಿದ್ದೆವು ಅಂತ ನನಗೂ ಅವತ್ತೇ ಗೊತ್ತಾಗಿದ್ದು.

ಟಿವಿ ಹೊತ್ತಿಗೆ ಜನ ಹೊಂದಿಕೊಳ್ಳುವುದು ಹೊಸದೇನೂ ಅಲ್ಲ. ನಾನು ಕಂಡಕ್ಟರ್ ಆಗಿ ಸೇರಿದ್ದು 1987ರಲ್ಲಿ. ಆ ವರ್ಷ ಜನವರಿ 25ರಂದು ದೂರದರ್ಶನದಲ್ಲಿ ರಾಮಾಯಣ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಟ್ರಿಪ್ಪಿಗೆ ಬಸ್ಸಿನಲ್ಲಿ ಡ್ರೈವರ್, ನಾನು, ಯಾರದೋ ಬುಟ್ಟಿಯಲ್ಲಿ ಎರಡು ಕೋಳಿ. ಡ್ರೈವರ್ ಕೂಡ ಟಿವಿ ಇರುವ ಹೋಟೆಲ್ ಮುಂದೆ ಬಂದರೆ ಗೇರ್ ಇಳಿಸುತ್ತಿದ್ದರು. 1988ರ ಜುಲೈ ಕೊನೆಗೆ ಅದು ಮುಗಿಯಿತು. ಉತ್ತರಕಾಂಡ ತೋರಿಸದೆ ನಿಲ್ಲಿಸುವುದು ಸರಿಯಲ್ಲ ಅಂತ ಪಂಜಾಬಿನ ಜಲಂಧರ್‌ನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ವಾಲ್ಮೀಕಿಯನ್ನು ತಮ್ಮವರು ಅಂತ ಪೂಜಿಸುವ ಜನ ಅವರು. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಕೊನೆಗೆ ಸರ್ಕಾರ ಒಪ್ಪಿತು, ಲವಕುಶರ ಕಥೆಯೂ ಟಿವಿಗೆ ಬಂತು. ನಾನು ಮುಷ್ಕರಕ್ಕೆ ಕರೆ ಕೊಡುತ್ತಿಲ್ಲ, ಹೆದರಬೇಡಿ. ಸರ್ವಿಸ್‌ನಲ್ಲಿ ನೋಡಿದ್ದೇ ಸಾಕಾಗಿದೆ. ಅವತ್ತು ಹೋಗಿ ಕೇಳಲು ಒಂದು ಬಾಗಿಲಿತ್ತು ಅಂತ ಹೇಳಿದೆ ಅಷ್ಟೆ.

ಮಹಾಸಂಚಿಕೆ ಆದ ಎರಡು ತಿಂಗಳಿಗೆ ಹೊಸ ಧಾರಾವಾಹಿ ಬಂತು. ನಾಯಕಿ ಮಳೆಯಲ್ಲಿ ನೆನೆಯುತ್ತ ಟ್ರ್ಯಾಕ್ಟರ್ ಓಡಿಸುವ ಪ್ರೋಮೋವನ್ನು ಹದಿನೈದು ದಿನ ತೋರಿಸಿದರು. ಅದಕ್ಕೆ ಏಳೂವರೆ ಕೊಟ್ಟರು. ನಮ್ಮದನ್ನು ಸಂಜೆ ಆರಕ್ಕೆ ತಳ್ಳಿದರು. ಆರು ಗಂಟೆ ಅಂದರೆ ಹಳ್ಳಿ ಕಡೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು. ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವ ಹೊತ್ತು. ಅಲ್ಲಿ ಏಳು ವಾರ ಇತ್ತು. ಆಮೇಲೆ ದೊಡ್ಡ ರಿಯಾಲಿಟಿ ಶೋ ಶುರುವಾಗುತ್ತದೆ ಅಂತ ಎಲ್ಲ ಧಾರಾವಾಹಿಗಳನ್ನೂ ಕದಲಿಸಿದರು, ನಮ್ಮದು ರಾತ್ರಿ ಹತ್ತೂವರೆಗೆ ಹೋಯಿತು. ಹತ್ತೂವರೆಗೆ ಪಕ್ಕದ ಮನೆಯ ಅಜ್ಜಿ ಬರುವುದುಂಟೇ? ಅಮ್ಮ ಒಬ್ಬಳೇ ಕೂತು, ಅರ್ಧಕ್ಕೇ ತೂಕಡಿಸಿ, ಬೆಳಿಗ್ಗೆ ಎದ್ದು ‘ರಾತ್ರಿ ಏನಾಯ್ತೇ?’ ಅಂತ ಸೊಸೆಯನ್ನು ಕೇಳುತ್ತಿದ್ದಳು. ಸೊಸೆಯೂ ಮಲಗಿರುತ್ತಿದ್ದಳು.

ಇದನ್ನೆಲ್ಲ ನೋಡುವಾಗ ನನಗೆ ಒಂದು ಹಳೇ ಬಸ್ಸು ನೆನಪಾಗುತ್ತಿತ್ತು. ನಾನು ಕೆಲಸ ಮಾಡಿದ ಒಂದು ಊರಿನಿಂದ ಸಂಜೆ ಐದೂಮುಕ್ಕಾಲಿಗೆ ಒಂದು ಹಳ್ಳಿ ಬಸ್ ಹೊರಡುತ್ತಿತ್ತು. ಕಾಲೇಜು ಹುಡುಗರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸೊಪ್ಪು ಮಾರಿ ಖಾಲಿ ಬುಟ್ಟಿ ಹಿಡಿದ ಮುದುಕಿಯರು ಎಲ್ಲ ಅದಕ್ಕೇ ಕಾಯುತ್ತಿದ್ದರು. ಯಾವ ಕಾರಣಕ್ಕೋ ಅದನ್ನು ಮಧ್ಯಾಹ್ನ ಮೂರೂವರೆಗೆ ಮಾಡಿದರು. ಆ ಹೊತ್ತಿಗೆ ಕಾಲೇಜೇ ಬಿಟ್ಟಿರುವುದಿಲ್ಲ. ಯಾರು ಹತ್ತುತ್ತಾರೆ? ಮೂರು ತಿಂಗಳು ಓಡಿಸಿ, ‘ಕಲೆಕ್ಷನ್ ಇಲ್ಲ’ ಅಂತ ನಿಲ್ಲಿಸಿದರು. ಕಲೆಕ್ಷನ್ ಇಲ್ಲ ಅನ್ನುವುದು ಸುಳ್ಳಲ್ಲ, ಟಿಕೆಟ್ ಲೆಕ್ಕ ನಾನೇ ನೋಡಿದ್ದೆ. ಮೂರೂವರೆಗೆ ಅದು ಇರುವುದು ಸಾಧ್ಯವೂ ಇರಲಿಲ್ಲ. ಧಾರಾವಾಹಿಯನ್ನು ಹತ್ತೂವರೆಗೆ ಕಳಿಸಿ, ಟಿಆರ್‌ಪಿ (ಎಷ್ಟು ಜನ ನೋಡುತ್ತಾರೆ ಅನ್ನುವ ಅಂಕಿ) ಬಿತ್ತು ಅಂತ ತೆಗೆಯುವುದೂ ಇದೇ ಲೆಕ್ಕ.

ಟಿಆರ್‌ಪಿ ಬಗ್ಗೆಯೂ ಸ್ವಲ್ಪ ಓದಿಕೊಂಡೆ. 2015ರಿಂದ ಈ ಲೆಕ್ಕ ಕೊಡುವುದು ಬಾರ್ಕ್ ಅನ್ನುವ ಸಂಸ್ಥೆ. ದೇಶದಲ್ಲಿ 55 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ಕಾರ್ಯಕ್ರಮದ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಬೆರೆಸಿರುತ್ತಾರೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಅಂತ ತಿಳಿದುಕೊಳ್ಳುತ್ತದೆ. ಟಿವಿ ಮುಂದೆ ಕೂತವರು ತಮ್ಮ ತಮ್ಮ ಬಟನ್ ಒತ್ತಬೇಕು. ಗುರುವಾರ ಗುರುವಾರ ಅಂಕಿ ಹೊರಗೆ ಬೀಳುತ್ತದೆ. ಯಾರ ಮನೆಯಲ್ಲಿ ಮೀಟರ್ ಇದೆ ಅನ್ನುವುದು ಗುಟ್ಟು. ಇರಬೇಕಾದ್ದೇ. ದುಡ್ಡು ಕೊಟ್ಟು ಟಿಆರ್‌ಪಿ ಏರಿಸುತ್ತಾರೆ ಅನ್ನುವ ಆರೋಪದ ಮೇಲೆ 2020ರಲ್ಲಿ ಮುಂಬೈ ಪೊಲೀಸರು ಕೇಸು ಹಾಕಿದ್ದರಲ್ಲ. ದೇಶದಲ್ಲಿ ಟಿವಿ ಇರುವ ಮನೆಗಳು 21 ಕೋಟಿ ಅಂತ ಅದೇ ವರ್ಷ ಬಾರ್ಕ್ ಹೇಳಿತ್ತು. ಭಾಗಿಸಿ ನೋಡಿದೆ. ಸುಮಾರು 3,800 ಮನೆಗಳ ಪರವಾಗಿ ಒಂದು ಮನೆ ಟಿವಿ ನೋಡುತ್ತಿದೆ. ಅದಕ್ಕೂ ನನ್ನ ತಕರಾರಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಆದರೆ ಒಲೆ ಆರಿಸಿದವರು ಯಾರು ಅಂತ ಅಗುಳು ಹೇಳುವುದಿಲ್ಲ.

‘ಪುಕ್ಕಟೆ ಬರೋದಕ್ಕೆ ಇಷ್ಟೊಂದು ಮಾತಾ?’ ಅಂತ ಕೇಳುವವರಿದ್ದಾರೆ. ಪುಕ್ಕಟೆ ಅಲ್ಲ ಸ್ವಾಮಿ. 2019ರ ಫೆಬ್ರುವರಿಯಲ್ಲಿ, ಕೇಬಲ್ ಟಿವಿ ದರಕ್ಕೆ ನಿಯಮ ಮಾಡುವ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂದಾಗ, ಬೇಕಾದ ಚಾನೆಲ್ ಆರಿಸಿ ಅದಕ್ಕೆ ದುಡ್ಡು ಕೊಡಿ ಅಂದರು. ಕೇಬಲ್ ಹುಡುಗ ಫಾರಂ ತಂದು ಟಿಕ್ ಹಾಕಿಸಿಕೊಂಡ. ಅಮ್ಮನ ಚಾನೆಲ್‌ಗೆ ಆಗ ತಿಂಗಳಿಗೆ 19 ರೂಪಾಯಿ, ಮೇಲೆ ತೆರಿಗೆ. ದೊಡ್ಡ ದುಡ್ಡಲ್ಲ. ಆದರೆ ಒಂದೇ ಸ್ಟೇಜಿನ ಟಿಕೆಟ್ ತೆಗೆದುಕೊಂಡವನೂ ನನ್ನ ಕಿಟಕಿಗೆ ಬಂದು ‘ಯಾಕ್ರೀ ಬಸ್ ಬಂದಿಲ್ಲ?’ ಅಂತ ಜೋರು ಮಾಡುತ್ತಿದ್ದ, ನಾನು ಉತ್ತರ ಕೊಡುತ್ತಿದ್ದೆ.

ಜಾಹೀರಾತಿನ ಸಂಪಾದನೆ ಬೇರೆ. ಒಂದು ಗಂಟೆಗೆ 12 ನಿಮಿಷ ಮೀರಬಾರದು ಅಂತ ಕೇಬಲ್ ಟಿವಿ ನಿಯಮದಲ್ಲಿದೆ. ಹತ್ತು ನಿಮಿಷ ಜಾಹೀರಾತು, ಎರಡು ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ನನ್ನ ಡೈರಿಯಲ್ಲಿ ಒಂದು ಮಂಗಳವಾರದ ಎಂಟ್ರಿ ಹೀಗಿದೆ. ನಿನ್ನೆಯ ಕಥೆ 2 ನಿಮಿಷ 10 ಸೆಕೆಂಡ್. ಹಾಡು 50 ಸೆಕೆಂಡ್. ಜಾಹೀರಾತು ಎಲ್ಲ ಸೇರಿ 9 ನಿಮಿಷ 40 ಸೆಕೆಂಡ್. ನಾಳೆಯ ತುಣುಕು 40 ಸೆಕೆಂಡ್. ಅರ್ಧ ಗಂಟೆಯಲ್ಲಿ ಕಥೆಗೆ ಉಳಿದದ್ದು 16 ನಿಮಿಷ 40 ಸೆಕೆಂಡ್. ಅದರಲ್ಲೂ ಅತ್ತಿಗೆ ಬಾಗಿಲಲ್ಲಿ ನಿಂತು ತಿರುಗಿ ನೋಡುವುದನ್ನು ಮೂರು ದಿಕ್ಕಿನಿಂದ ಮೂರು ಸಲ ತೋರಿಸಿದರು. ಈ 12 ನಿಮಿಷದ ಮಿತಿಯ ವಿಷಯ 2013ರಲ್ಲೇ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಅಮ್ಮನ ಕೇಸಿಗಿಂತ ಹಳೇ ಕೇಸು ಅದು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಧಾರಾವಾಹಿಯ ಕಥೆ ಇಷ್ಟು. ನಾಯಕಿ ಹಳ್ಳಿ ಶಾಲೆಯ ಟೀಚರ್. ಅಪ್ಪ ಸತ್ತ ಮೇಲೆ ಅತ್ತಿಗೆ ಸುಳ್ಳು ಉಯಿಲು ಮಾಡಿಸಿ ತೆಂಗಿನ ತೋಟ ಹೊಡೆದುಕೊಂಡಿರುತ್ತಾಳೆ. ಹೆಣ್ಣುಮಗಳಿಗೂ ಪಾಲಿದೆ ಅಂತ ಟೀಚರ್ ಕೋರ್ಟಿಗೆ ಹೋಗುತ್ತಾಳೆ. ವಾದ ಪ್ರತಿವಾದ ಎಲ್ಲ ಮುಗಿದು ತೀರ್ಪಿಗೆ ದಿನ ಕೊಟ್ಟಾಗಿತ್ತು. ಆ ಶುಕ್ರವಾರ ಏನಾಯಿತು ಗೊತ್ತೇ? ನಾಲ್ಕು ವರ್ಷ ಹಾಲಿಗೆ ವಿಷ ಹಾಕುತ್ತಿದ್ದ ಅತ್ತಿಗೆ ಒಮ್ಮೆಲೇ ಬಂದು ಕಾಲಿಗೆ ಬಿದ್ದಳು. ನೆನಪು ಹೋಗಿದ್ದ ಅಣ್ಣನಿಗೆ ನೆನಪು ಬಂತು. ದುಬೈಗೆ ಹೋಗಿದ್ದ ತಮ್ಮ ಅಡುಗೆಮನೆಯಿಂದ ಹೊರಗೆ ಬಂದ, ಯಾವಾಗ ಬಂದನೋ. ಟೀಚರ್ ಕಣ್ಣೊರೆಸಿಕೊಂಡು ‘ನನಗೆ ತೋಟ ಬೇಡ ಅತ್ತಿಗೆ, ನೀವೆಲ್ಲ ಸಿಕ್ಕಿದ್ರಿ, ಸಾಕು’ ಅಂದಳು. ಎಲ್ಲರೂ ಸಾಲಾಗಿ ನಿಂತು ಫೋಟೊ. ‘ಧನ್ಯವಾದಗಳು’ ಅಂತ ಅಕ್ಷರ. ಸೋಮವಾರ ಅದೇ ಹೊತ್ತಿಗೆ ಯಾವುದೋ ಹಳೇ ಸಿನಿಮಾ ಹಾಸ್ಯ ದೃಶ್ಯಗಳು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಲೈಟ್ ಕೆಲಸ ಮಾಡುತ್ತಾನೆ, ಇದಕ್ಕಲ್ಲ, ಬೇರೆಯದಕ್ಕೆ. ಹಬ್ಬಕ್ಕೆ ಬಂದಾಗ ಕೇಳಿದೆ. ‘ನಿಮಗಾದ್ರೂ ಮುಂಚೆ ಗೊತ್ತಾಗುತ್ತೇನೋ?’ ‘ಗೊತ್ತಾಗುತ್ತೆ ಮಾಮ. ಹದಿನೈದು ದಿನ, ಕೆಲವು ಸಲ ಹತ್ತು ದಿನ. ಇಷ್ಟು ಎಪಿಸೋಡ್‌ನಲ್ಲಿ ಮುಗಿಸಿ ಅಂತ ಫೋನ್ ಬರುತ್ತೆ. ಆಮೇಲೆ ನಮ್ಗೆ ಬೇರೆ ಸೆಟ್ ಹುಡುಕೋದೇ ಕೆಲಸ’ ಅಂದ. ಅವನದು ದಿನಗೂಲಿ. ಅವನ ಕಷ್ಟ ನಮ್ಮ ಅಮ್ಮನದಕ್ಕಿಂತ ದೊಡ್ಡದು, ಅದಕ್ಕೆ ಇನ್ನೊಂದು ಪತ್ರವೇ ಬೇಕು. ನನಗೆ ಸಿಟ್ಟು ಬಂದದ್ದು ಇಲ್ಲೇ. ಹತ್ತು ದಿನ ಮೊದಲೇ ಚಾನೆಲ್‌ಗೆ ಗೊತ್ತು, ನಿರ್ದೇಶಕರಿಗೆ ಗೊತ್ತು, ಲೈಟ್ ಹಿಡಿಯುವ ಹುಡುಗನಿಗೂ ಗೊತ್ತು. ನೋಡುವವರಿಗೆ ಮಾತ್ರ ಗೊತ್ತಿಲ್ಲ. ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಇಡೀ ದಿನ ಹೊಸ ಧಾರಾವಾಹಿಯ ಸುದ್ದಿ ಓಡಿಸುತ್ತೀರಲ್ಲ, ಅದರ ಪಕ್ಕದಲ್ಲಿ ಇದೊಂದು ಸಾಲು ಹಿಡಿಸುವುದಿಲ್ಲವೇ?

2020ರ ಲಾಕ್‌ಡೌನ್ ಮಾತು ಬೇರೆ. ಶೂಟಿಂಗ್ ನಿಂತಿತು, ಹಳೇ ಸಂಚಿಕೆಗಳನ್ನೇ ಹಾಕಿದರು, ಕನ್ನಡಕ್ಕೆ ಡಬ್ ಆದ ಮಹಾಭಾರತ ಬಂತು. ಕೆಲವು ಧಾರಾವಾಹಿ ಅರ್ಧಕ್ಕೇ ಹೋದವು. ನಮ್ಮ ಮನೆಯಲ್ಲಿ ಯಾರೂ ಬೈಯಲಿಲ್ಲ. ಮಳೆಗೆ ಸೇತುವೆ ಕೊಚ್ಚಿಹೋದ ದಿನ ಬಸ್ ಬರದಿದ್ದರೆ ಜನ ಬೈಯುವುದಿಲ್ಲ.

ದೂರು ಕೊಡದೆ ನೇರವಾಗಿ ನಿಮಗೆ ಬರೆಯುತ್ತಿಲ್ಲ. ಕೇಬಲ್ ಹುಡುಗನನ್ನು ಕೇಳಿದೆ. ‘ಅದು ನಮ್ ಕೈಲಿಲ್ಲ ಅಂಕಲ್’ ಅಂದ, ನಿಜವೇ. 2021ರಲ್ಲಿ ಕೇಬಲ್ ಟಿವಿ ನಿಯಮಗಳನ್ನು ತಿದ್ದಿದ ಮೇಲೆ ಚಾನೆಲ್‌ನವರು ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಡಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಮಗಳ ಹತ್ತಿರ ಮೇಲ್ ಮಾಡಿಸಿದೆ. ಹನ್ನೊಂದನೇ ದಿನ ಉತ್ತರ ಬಂತು, ಇಂಗ್ಲಿಷಿನಲ್ಲಿ. ತೋರಿಸಿದ್ದರಲ್ಲಿ ಅಸಭ್ಯವಾದದ್ದು, ಯಾರನ್ನಾದರೂ ಅವಮಾನಿಸುವಂಥದ್ದು ಇದ್ದರೆ ದೂರು ಕೊಡಿ, ಯಾವುದನ್ನು ಎಷ್ಟೊತ್ತಿಗೆ ಹಾಕಬೇಕು, ಯಾವಾಗ ಮುಗಿಸಬೇಕು ಅನ್ನುವುದು ನಮಗೆ ಬಿಟ್ಟದ್ದು ಅಂತ. ಕಾನೂನು ನೋಡಿದರೆ ಅವರು ಹೇಳಿದ್ದು ಸರಿಯೇ. ಕೊನೆಗೆ ಒಂದು ಸಲಹೆ ಇತ್ತು. ನಮ್ಮ ಆ್ಯಪ್‌ನಲ್ಲಿ ಹಳೇ ಸಂಚಿಕೆಗಳನ್ನೆಲ್ಲ ಯಾವಾಗ ಬೇಕಾದರೂ ನೋಡಬಹುದು.

ಮಗಳು ಅಮ್ಮನಿಗೆ ಫೋನಿನಲ್ಲಿ ಹಾಕಿಕೊಟ್ಟಳು. ಅಮ್ಮ ಅದನ್ನು ಎರಡು ನಿಮಿಷ ಕಿವಿ ಹತ್ತಿರ ಹಿಡಿದುಕೊಂಡಳು, ಯಾರೋ ಫೋನ್ ಮಾಡಿದ್ದಾರೆ ಅನ್ನುವ ಹಾಗೆ. ‘ಬೇಡ ತಗಾ. ನಾನೊಬ್ಳೇ ಕೇಳಿ ಏನ್ ಮಾಡ್ಲಿ’ ಅಂತ ಕೊಟ್ಟುಬಿಟ್ಟಳು. ಪಕ್ಕದ ಮನೆಯ ಅಜ್ಜಿ ಈಗ ನಮ್ಮ ಮನೆಗೆ ಬರುವುದೇ ಕಡಿಮೆಯಾಗಿದೆ. ಸುಮ್ನೆ ಬಂದು ಕೂರಲು ಸಂಕೋಚ ಅಂತ ಕಾಣುತ್ತದೆ. ಏಳೂವರೆ ಅಂತ ಒಂದು ನೆಪ ಇತ್ತು.

ಚಾನೆಲ್‌ನವರು ವ್ಯಾಪಾರ ಮಾಡಬಾರದು ಅಂತ ನಾನು ಹೇಳುವುದಿಲ್ಲ. ನಷ್ಟದ ಬಸ್ಸನ್ನು ಎಷ್ಟು ದಿನ ಓಡಿಸುತ್ತಾರೆ? ನಿಲ್ಲಿಸಿ. ಆದರೆ ಟೈಮ್ ಬದಲಾಗುವ ಒಂದು ವಾರ ಮೊದಲು ಹೇಳಿ. ಮುಗಿಸುವುದಾದರೆ ಕಥೆಗೆ ಒಂದು ತಿಂಗಳು ಕೊಡಿ, ದಿನಾಂಕವನ್ನೂ ಹೇಳಿಬಿಡಿ. ನಾವು ಬಸ್ ಕ್ಯಾನ್ಸಲ್ ಆದಾಗ ಮೈಕ್‌ನಲ್ಲಿ ಮೂರು ಸಲ ಕೂಗುತ್ತಿದ್ದೆವು, ಕಿಟಕಿಗೆ ಚೀಟಿ ಅಂಟಿಸುತ್ತಿದ್ದೆವು. ಆ ಹಳ್ಳಿ ಬಸ್ ನಿಂತ ದಿನವೂ ಕೂಗಿದ್ದೆ. ಆಗಲೂ ಬೈದರು. ಆದರೆ ಕತ್ತಲಾಗುವವರೆಗೆ ಯಾರೂ ಪ್ಲಾಟ್‌ಫಾರಂನಲ್ಲಿ ಕಾಯುತ್ತ ಕೂರಲಿಲ್ಲ. ದೂರದರ್ಶನದ ಚಂದನದಲ್ಲಿ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಗಿ ಮೂರು ಸಾವಿರ ಸಂಚಿಕೆ ದಾಟಿತು. ರಾತ್ರಿ ಒಂಬತ್ತೂವರೆ ಅಂದರೆ ಇವತ್ತಿಗೂ ನನಗೆ ನೆನಪಾಗುವುದು ಅದೇ.

ನಿಮಗೂ ಒಂದು ಮಾತು ಸಂಪಾದಕರೇ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಪತ್ರಿಕೆಯಲ್ಲಿ ‘ಇಂದಿನ ಟಿವಿ’ ಅಂತ ಒಂದು ಪಟ್ಟಿ ಬರುತ್ತಿತ್ತು. ಅದನ್ನು ಯಾವತ್ತು ತೆಗೆದಿರಿ ಅಂತ ನೀವೂ ನಮಗೆ ಹೇಳಲಿಲ್ಲ.

ಕೊನೆಯದಾಗಿ ಆ ಧಾರಾವಾಹಿ ಬರೆದವರಿಗೆ ಒಂದು ವಿನಂತಿ, ಅವರು ಈ ಪತ್ರಿಕೆ ಓದುತ್ತಿದ್ದರೆ. ಟೀಚರ್ ತೋಟ ಬೇಡ ಅಂದಳು ಅಂತ ಅಮ್ಮನಿಗೆ ನಾಲ್ಕು ಸಲ ಹೇಳಿದ್ದೇನೆ. ಅವಳು ಒಪ್ಪುತ್ತಿಲ್ಲ. ‘ಅವ್ಳು ಬೇಡ ಅಂದಿದ್ದು ಬಿಡು. ಜಡ್ಜು ಏನಂದ್ರು, ಅದು ಹೇಳು’ ಅನ್ನುತ್ತಾಳೆ. ಸುಮಾರು ಐವತ್ತು ವರ್ಷದ ಹಿಂದೆ ಅಮ್ಮ ತವರಿನ ತೋಟದ ಪಾಲು ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿ ಬಂದಿದ್ದಳು, ಒಂದು ಸೀರೆ ಕೊಟ್ಟು ಕಳಿಸಿದ್ದರು. ತೀರ್ಪಿನ ಸಂಚಿಕೆ ನೀವು ಬರೆದಿಟ್ಟಿದ್ದು ಶೂಟಿಂಗ್ ಆಗದೇ ಉಳಿದಿದ್ದರೆ, ನಮ್ಮ ವಿಳಾಸ ಪತ್ರಿಕೆಯವರ ಹತ್ತಿರ ಇದೆ. ಒಂದು ಕಾರ್ಡಿನಲ್ಲಿ ಎರಡು ಸಾಲು ಬರೆದು ಹಾಕಿ. ನಾನು ಓದಿ ಹೇಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಸಂಚಾರ ನಿಯಂತ್ರಕ
ಅರಸೀಕೆರೆ